ಮನೆಗೊಂದು ನಡುಗಡ್ಡೆಯ ಊರು

ಬಸವೇಶ್ವರನಗರದ ನಮ್ಮ ಮನೆಯ ಮಹಡಿಯ ಮೇಲೆ ಶೀಟು ಹೊದಿಸಿದ ಒಂದು ಕೋಣೆಯಿದೆ. ಅಲ್ಲಿ ನಾನು ಜರ್ಮನ್ ಕಲಿಸುತ್ತೇನೆ. ಕಲಿಯಲು ಬರುವವರಲ್ಲಿ ಹೆಚ್ಚಿನವರು ನರ್ಸುಗಳು. ಕಾಮಾಕ್ಷಿಪಾಳ್ಯದಲ್ಲೋ ಲಗ್ಗೆರೆಯಲ್ಲೋ ಪೀಜಿ ಹಿಡಿದು, ಆಸ್ಪತ್ರೆಯ ಡ್ಯೂಟಿ ಮುಗಿಸಿ, ಕಣ್ಣು ಎಳೆಯುತ್ತಿದ್ದರೂ ಬಂದು ಕೂರುವ ಹುಡುಗಿಯರು. ಅವರ ನಡುವೆ ಒಬ್ಬಿಬ್ಬರು ಹುಡುಗರು, ಊಟ ತಲುಪಿಸುವ ಕಂಪನಿಯ ಟೀಶರ್ಟಿನಲ್ಲೇ ಬರುವವರು. ಜರ್ಮನಿಯ ಆಸ್ಪತ್ರೆಗಳಿಗೂ ವೃದ್ಧಾಶ್ರಮಗಳಿಗೂ ಜನ ಬೇಕು, ಭಾಷೆ ಬಂದರೆ ಕೆಲಸ ಸಿಗುತ್ತದೆ. ಹೀಗೆ ಎಷ್ಟೋ ಮಂದಿಯನ್ನು ವಿಮಾನ ಹತ್ತಿಸಿದ್ದೇನೆ. ನಾನು ಮಾತ್ರ ಆ ದೇಶವನ್ನು ಒಮ್ಮೆಯೂ ಕಂಡವಳಲ್ಲ. ನಮ್ಮ ಅತ್ತೆ ಇದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ: "ನಮ್ಮ ಸೊಸೆ ಊರಿಗೆಲ್ಲ ಈಜು ಕಲಿಸ್ತಾಳೆ. ತಾನು ಮಾತ್ರ ಕೆರೆಗೆ ಇಳ್ದೋಳಲ್ಲ."

ನನ್ನದು ಬಾಯಿ ಬಿಡಿಸುವ ಪಾಠ. ವ್ಯಾಕರಣ ಆಮೇಲೆ, ಮೊದಲು ಮಾತು. ತಪ್ಪಾದರೂ ಪರವಾಗಿಲ್ಲ, ಮಾತಾಡು ಎಂದು ಪ್ರಾಣ ತಿನ್ನುತ್ತೇನೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುವುದು ನಮ್ಮ ಕ್ಲಾಸಿನ ಮಂತ್ರ. ಅದರಲ್ಲೂ ವೃದ್ಧರನ್ನು ನೋಡಿಕೊಳ್ಳಲು ಹೋಗುವವರಿಗೆ ಮಾತೇ ಕೆಲಸದ ಕ್ರಮ. ಅಲ್ಲಿ ಹೇಳದೆ ಏನನ್ನೂ ಮಾಡುವಂತಿಲ್ಲ. ಕಿಟಕಿ ತೆಗೆಯುವ ಮುಂಚೆ ಹೇಳಬೇಕು, ಹೊದಿಕೆ ಸರಿಸುವ ಮುಂಚೆ ಹೇಳಬೇಕು, ತಲೆದಿಂಬು ಎತ್ತುವ ಮುಂಚೆಯೂ ಹೇಳಬೇಕು. ನಮ್ಮ ಕೋಣೆಯಲ್ಲಿ ಇದರದ್ದೊಂದು ನಾಟಕ ನಡೆಯುತ್ತಲೇ ಇರುತ್ತದೆ. ಒಬ್ಬಳು ಅಜ್ಜಿಯಾಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾಳೆ. ಇನ್ನೊಬ್ಬಳು ಸ್ಟೀಲ್ ಲೋಟ ಹಿಡಿದು ಬಂದು, ನಮಸ್ಕಾರ, ಚೆನ್ನಾಗಿ ನಿದ್ದೆ ಬಂತೇ, ನಿಮಗೆ ನೀರು ತಂದಿದ್ದೇನೆ, ದಯವಿಟ್ಟು ಸ್ವಲ್ಪ ಕುಡಿಯಿರಿ ಎಂದು ಜರ್ಮನ್ ಭಾಷೆಯಲ್ಲಿ ಉಸಿರು ಬಿಡದೆ ಹೇಳುತ್ತಾಳೆ. ಅಜ್ಜಿಯಾದವಳು ನಗು ತಡೆಯಲಾರದೆ ನೀರು ಉಗುಳಿದರೆ ಇಬ್ಬರಿಗೂ ಬೈಗುಳ.

ಹೀಗೆ ಬಾಯಿ ಬಿಡಿಸಲು ನನಗೆ ಅತ್ಯಂತ ಕಷ್ಟ ಕೊಟ್ಟವಳು ಬಾಗಲಕೋಟೆ ಕಡೆಯ ಒಬ್ಬ ಹುಡುಗಿ. ಅಣೆಕಟ್ಟಿನ ಹಿನ್ನೀರು ಬಂದು ಅವಳ ಅಜ್ಜನ ಊರು ಮುಳುಗಿ, ಮನೆತನವೆಲ್ಲ ದಿಬ್ಬದ ಮೇಲಿನ ಹೊಸ ಊರಿಗೆ ಬಂದು ನೆಲೆಸಿತ್ತು. ನರ್ಸಿಂಗ್ ಮುಗಿಸಿ ಬೆಂಗಳೂರಿಗೆ ಬಂದು, ಕಾಮಾಕ್ಷಿಪಾಳ್ಯದಲ್ಲಿ ಗಾರ್ಮೆಂಟ್ಸ್ ಹುಡುಗಿಯರ ಜೊತೆ ರೂಮು ಹಂಚಿಕೊಂಡಿದ್ದಳು. ಕೇಳಿದ್ದಕ್ಕೆಲ್ಲ ಉತ್ತರ ಗೊತ್ತು, ಬರೆಯುವುದರಲ್ಲಿ ಎಲ್ಲರಿಗಿಂತ ಮುಂದು, ಮಾತಾಡು ಅಂದರೆ ಮಾತ್ರ ಲೋಟ ಹಿಡಿದುಕೊಂಡು ನಿಂತುಬಿಡುತ್ತಿದ್ದಳು. "ಬರತೈತ್ರಿ ಮೇಡಂ, ಆದ್ರ ಬಾಯಾಗಿಂದ ಹೊರಗ ಬರವಲ್ದು" ಅನ್ನುತ್ತಿದ್ದಳು. ನಾನು ಬಿಡಲಿಲ್ಲ. ಕೊನೆಗೆ ಅವಳು ಪರೀಕ್ಷೆ ಪಾಸಾಗಿ ಹೊರಟಾಗ ಲೋಟ ಕೈಗೆ ಬಂದರೆ ಸಾಕು, ಮಾತು ತಾನಾಗಿ ಹರಿಯುವ ಹಾಗೆ ಪಳಗಿದ್ದಳು.

ಅವಳಿಗೆ ಕೆಲಸ ಸಿಕ್ಕಿದ್ದು ದೇಶದ ಪೂರ್ವದ ಅಂಚಿನ ಒಂದು ವೃದ್ಧಾಶ್ರಮದಲ್ಲಿ. ಹೋದ ಹೊಸದರಲ್ಲೇ ಫೋನ್ ಮಾಡಿದಳು. "ಮೇಡಂ, ಇಲ್ಲಿ ರಸ್ತೆ ಬೋರ್ಡಿನ್ಯಾಗ ಎರಡು ಭಾಷಾ ಅದಾವ್ರಿ. ಮ್ಯಾಲಿಂದು ಜರ್ಮನ್. ಕೆಳಗಿಂದು ಏನ್ರಿ?" ಫೋಟೋ ಕಳಿಸಿದಳು. ನೋಡಿದೆ. ಕೆಳಗಿನ ಸಾಲಿನ ಅಕ್ಷರಗಳ ತಲೆಯ ಮೇಲೆ ಕೊಕ್ಕೆಗಳಿದ್ದವು, ಒಂದು ಪದವೂ ನನಗೆ ಅರ್ಥವಾಗಲಿಲ್ಲ. ಇಷ್ಟು ವರ್ಷ ಜರ್ಮನ್ ಹೇಳಿಕೊಟ್ಟವಳಿಗೆ ಜರ್ಮನಿಯ ಒಂದು ಊರಿನ ಬೋರ್ಡು ಓದಲು ಬಾರದೆ ಹೋಯಿತು. ಅದು ಸೋರ್ಬ್ ಜನರ ಭಾಷೆ ಎಂದು ಆಮೇಲೆ ತಿಳಿಯಿತು. ಸುತ್ತಲಿನವರು ಅವರನ್ನು ವೆಂಡ್ ಜನ ಅಂತಲೂ ಕರೆಯುತ್ತಾರೆ. ಜರ್ಮನರು ಆ ಕಡೆಗೆ ಬರುವ ಮುಂಚಿನಿಂದ, ಸಾವಿರ ವರ್ಷಕ್ಕೂ ಹಿಂದಿನಿಂದ ಅಲ್ಲಿರುವವರು. ಅವರ ಮಾತು ಪೋಲಿಷ್, ಚೆಕ್ ಮಾತುಗಳ ನಂಟಿನದು, ಜರ್ಮನ್‌ಗೆ ಅದು ಏನೇನೂ ಆಗಬೇಕಿಲ್ಲ.

ಆ ಊರಿನ ಕಥೆ ನನಗೆ ಬಿಡಿಬಿಡಿಯಾಗಿ ಸಿಕ್ಕಿತು. ಆಶ್ರಮದಲ್ಲಿ ಅವಳ ಪಾಲಿಗೆ ಬಂದವರಲ್ಲಿ ತೊಂಬತ್ತರ ಅಂಚಿನ ಒಬ್ಬ ಅಜ್ಜಿ ಇದ್ದರು. ಅಜ್ಜಿಗೆ ಮಕ್ಕಳಿರಲಿಲ್ಲ. ಅವರ ತಂಗಿಯ ಮಗಳು, ತಾನೂ ಅರವತ್ತು ದಾಟಿದವಳು, ಬರ್ಲಿನ್‌ನಿಂದ ಆಗಾಗ ಮಧ್ಯಾಹ್ನದ ರೈಲಿಗೆ ಬಂದು ನೋಡಿಕೊಂಡು ಸಂಜೆಗೆ ಹೋಗುತ್ತಿದ್ದಳು. ಅಜ್ಜಿ ನಿದ್ದೆ ಹೋದಾಗ ಅವಳು ನಮ್ಮ ಹುಡುಗಿಗೆ ಊರಿನ ಸುದ್ದಿ ಹೇಳುತ್ತಿದ್ದಳು. ನಮ್ಮ ಹುಡುಗಿ ಅದನ್ನು ಭಾನುವಾರ ನನಗೆ ಒಪ್ಪಿಸುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಸ್ಪೀಕರ್ ಹಾಕಿ ಹುರುಳಿಕಾಯಿ ಬಿಡಿಸುತ್ತಾ ಕೇಳುತ್ತಿದ್ದೆ, ಪಕ್ಕದಲ್ಲಿ ಅತ್ತೆ ಕಿವಿ ಕೊಟ್ಟು ಕೂರುತ್ತಿದ್ದರು.

ಶ್ಪ್ರೇ ಎಂಬ ನದಿ ಆ ಜಾಗಕ್ಕೆ ಬಂದಾಗ ಒಂದೇ ನದಿಯಾಗಿ ಉಳಿಯುವುದಿಲ್ಲ. ನೂರಾರು ಕಾಲುವೆಗಳಾಗಿ ಕವಲೊಡೆದು, ಒಂದನ್ನೊಂದು ದಾಟಿ, ಮತ್ತೆ ಕೂಡಿ, ಮೈಲಿಗಟ್ಟಲೆ ಜೌಗಿನಲ್ಲಿ ಹರಡಿಕೊಳ್ಳುತ್ತದೆ. ನಡುವೆ ಅಲ್ಲಲ್ಲಿ ಮರಳಿನ ದಿಬ್ಬಗಳು. ಒಂದೊಂದು ದಿಬ್ಬದ ಮೇಲೆ ಒಂದೊಂದು ಮನೆ. ಊರಿಗೆ ಬೀದಿಯಿಲ್ಲ, ಚಾವಡಿಯಿಲ್ಲ, ನಮ್ಮಲ್ಲಿರುವಂತೆ ಗೋಡೆಗೆ ಗೋಡೆ ತಾಗಿಸಿಕೊಂಡ ಸಾಲುಮನೆಗಳಿಲ್ಲ. ಮನೆಗೊಂದು ನಡುಗಡ್ಡೆ, ಮನೆಗೊಂದು ದೋಣಿ. ಕೂಗಿದರೆ ಪಕ್ಕದ ಮನೆಗೆ ಕೇಳಿಸದು. ಅಷ್ಟು ದೂರ ಚೆಲ್ಲಾಪಿಲ್ಲಿಯಾಗಿ ಕೂತಿದ್ದೂ ಅದು ಒಂದೇ ಊರು. ಇದನ್ನು ಮೊದಲ ಸಲ ಕೇಳಿದಾಗ ನಾನು ಕಾಯಿ ಬಿಡಿಸುವುದನ್ನು ನಿಲ್ಲಿಸಿ ಕೂತೆ. ನಮ್ಮ ಓಣಿಯಲ್ಲಿ ಎದುರುಮನೆಯವರು ಸಾರಿಗೆ ಒಗ್ಗರಣೆ ಕೊಟ್ಟರೆ ನಮಗೆ ಸೀನು ಬರುತ್ತದೆ.

"ಹಸು ಏನ್ ಮಾಡ್ತಾರೆ ಕೇಳೇ" ಎಂದರು ಅತ್ತೆ. ಹಸುವೂ ದೋಣಿಯಲ್ಲೇ ಹೋಗುತ್ತಿತ್ತಂತೆ. ಹಲಗೆಗಳನ್ನು ಜೋಡಿಸಿದ ತಳ ಚಪ್ಪಟೆಯ ದೋಣಿ, ಹಿಂದೆ ನಿಂತವರು ಉದ್ದದ ಗಳುವಿನಿಂದ ತಳ ಒತ್ತುತ್ತಾ ನೂಕುವುದು. ಹುಲ್ಲು ಬರುವುದು ಅದರಲ್ಲೇ, ಅಂಚೆ ಬರುವುದು ಅದರಲ್ಲೇ. ಮದುವಣಗಿತ್ತಿ ಗಂಡನ ಮನೆಗೆ ಹೋಗುವುದು ಅದರಲ್ಲೇ. ಸತ್ತವರ ಪೆಟ್ಟಿಗೆಯನ್ನೂ ದೋಣಿಯಲ್ಲಿಟ್ಟು, ಹಿಂದೆ ಒಂದರ ಹಿಂದೆ ಒಂದು ದೋಣಿಯಲ್ಲಿ ನೆಂಟರಿಷ್ಟರು ಕೂತು ಹೋಗುತ್ತಿದ್ದರು. ಅತ್ತೆ ಕೆಂಗೇರಿ ಕಡೆಯವರು. ವೃಷಭಾವತಿಯ ದಡದ ಗದ್ದೆ ಬದುವಿನಲ್ಲಿ ಹುಟ್ಟಿ ಬೆಳೆದವರು. ಕಾಲುವೆ ಅಂದರೆ ಅವರಿಗೆ ಹೊಸದಲ್ಲ. ಆದರೂ ಹೆಣ ತೇಲಿಕೊಂಡು ಹೋಗುವುದನ್ನು ಕೇಳಿ, "ಅಳು ಕೂಡ ನೀರ್ ಮೇಲೆ ಹೋಗ್ತಿತ್ತು ಅನ್ನು" ಎಂದರು.

ಚಳಿಗಾಲದಲ್ಲಿ ಕಾಲುವೆಗಳೆಲ್ಲ ಹೆಪ್ಪುಗಟ್ಟುತ್ತಿದ್ದವು. ಆಗ ದೋಣಿ ದಡಕ್ಕೆ, ಕಾಲಿಗೆ ಜಾರುವ ಕಬ್ಬಿಣದ ಅಲಗು. ನಮ್ಮ ಈ ಅಜ್ಜಿ ಶಾಲೆಗೆ ಹೋಗುತ್ತಿದ್ದದ್ದು ಮಂಜಿನ ಮೇಲೆ ಜಾರಿಕೊಂಡು. ಮಂಜು ಮನುಷ್ಯರ ಭಾರ ಹೊರುವಷ್ಟು ಗಟ್ಟಿಯೂ ಅಲ್ಲ, ದೋಣಿಗೆ ದಾರಿ ಬಿಡುವಷ್ಟು ಮೆದುವೂ ಅಲ್ಲ, ಹಾಗಿರುವ ದಿನಗಳೇ ಕಷ್ಟದವು. ಆಗ ಪ್ರತಿ ಮನೆಯೂ ಒಂಟಿ. ಸಂಜೆ ದೂರದ ದಿಬ್ಬದಲ್ಲಿ ದೀಪ ಕಂಡರೆ ಆ ಮನೆಯವರು ಚೆನ್ನಾಗಿದ್ದಾರೆ ಎಂದು ಲೆಕ್ಕ. ಯಾವನೋ ರಾಜನ ಕಾಲದಲ್ಲಿ ಕೆಲಸ ಮುಗಿದ ಸೈನಿಕರನ್ನೂ ನೇಕಾರರನ್ನೂ ಹೊರಗಿನಿಂದ ತಂದು, ಜೌಗಿನ ಕಾಡು ಕಡಿದು ಗದ್ದೆ ಮಾಡಿಕೊಳ್ಳಿ ಎಂದು ಇಲ್ಲಿ ಬಿಟ್ಟರಂತೆ. ಬಂದವರಲ್ಲಿ ಎಷ್ಟೋ ಮನೆಯವರು ಎರಡು ತಲೆಮಾರಿನಲ್ಲಿ ಇಲ್ಲಿನವರ ಮಾತನ್ನೇ ಆಡತೊಡಗಿದರು ಎಂದು ತಂಗಿಯ ಮಗಳು ಹೇಳಿದಳು. "ನಮ್ಮಲ್ಲಿ ಉಲ್ಟಾ ಕಣಮ್ಮ, ಬಂದವರ ಮಾತು ನಾವು ಕಲೀತೀವಿ" ಎಂದೆ. ಹುಡುಗಿ ನಕ್ಕಳು.

ಒಂದು ರಜೆಯ ದಿನ ಅವಳನ್ನು ಕರೆದುಕೊಂಡು ಹೋಗಿ ತಂಗಿಯ ಮಗಳು ಅಜ್ಜಿಯ ಮನೆ ತೋರಿಸಿದಳು. ವಿಡಿಯೋದಲ್ಲಿ ನಾವೂ ನೋಡಿದೆವು. ಮರದ ದಿಮ್ಮಿಯ ಗೋಡೆ, ಜೊಂಡಿನ ಮಾಡು. ಅಂಗಳದಲ್ಲಿ ಕಂಬದ ಸುತ್ತ ಒಟ್ಟಿದ ಹುಲ್ಲಿನ ಬಣವೆ. ಮಾಡಿನ ತುದಿಯಲ್ಲಿ ಮರದಲ್ಲಿ ಕೆತ್ತಿದ ಎರಡು ಹಾವುಗಳು, ಒಂದರ ಮೇಲೊಂದು ಕತ್ತರಿಯಾಕಾರದಲ್ಲಿ, ತಲೆಗೆ ಕಿರೀಟ. ಹಿಂದೆ ಪ್ರತಿ ಮನೆಯಲ್ಲೂ ಕಾಯುವ ಹಾವಿನ ಜೋಡಿಯೊಂದು ಇರುತ್ತಿತ್ತಂತೆ. ಅವಕ್ಕೆ ಹಾಲಿಡುತ್ತಿದ್ದರಂತೆ, ಯಾರೂ ಕೊಲ್ಲುತ್ತಿರಲಿಲ್ಲವಂತೆ. ಅತ್ತೆ ಕನ್ನಡಕ ಏರಿಸಿ ನೋಡಿ ಫೋನಿಗೇ ಕೈ ಮುಗಿದರು. ಅಷ್ಟು ದೂರದ ಮಂಜಿನ ನಾಡಿನವರಿಗೆ ನಾಗಪ್ಪ ಹೇಗೆ ಸಿಕ್ಕಿದ, ಯಾರು ಹೇಳಿಕೊಟ್ಟರು? ಇವತ್ತಿಗೂ ಯೋಚಿಸಿದರೆ ಬೆರಗಾಗುತ್ತದೆ.

ಈ ಜನರ ಮಾತಿಗೆ ಆದದ್ದು ಒಳ್ಳೆಯದಲ್ಲ. ಶಾಲೆಯಲ್ಲಿ ಆ ಭಾಷೆ ಆಡಿದರೆ ಗದರಿಕೆ. ನಾಜಿಗಳ ಕಾಲದಲ್ಲಿ ಅದನ್ನು ಬಹಿರಂಗವಾಗಿ ಆಡುವುದೇ ಅಪಾಯವಾಗಿತ್ತು, ಊರುಗಳ ಹೆಸರನ್ನೂ ಬದಲಿಸಿದರು. ಯುದ್ಧ ಮುಗಿದ ಮೇಲೂ ತಾಯಂದಿರು ಮಕ್ಕಳಿಗೆ ಕಷ್ಟ ಬೇಡವೆಂದು ಜರ್ಮನ್ ಆಡಿದರು. ಹತ್ತಿರದ ಕಲ್ಲಿದ್ದಲ ಗಣಿಗಳು ಇಂಥ ಎಷ್ಟೋ ಹಳ್ಳಿಗಳನ್ನು ನುಂಗಿದವು. "ನಮ್ಮೂರು ನೀರಾಗ ಹೋತು, ಇವ್ರ ಊರು ಕಲ್ಲಿದ್ದಲಾಗ" ಎಂದಳು ನಮ್ಮ ಹುಡುಗಿ. ಅಜ್ಜಿಯೂ ಬದುಕಿನ ಬಹುಪಾಲು ಜರ್ಮನ್‌ನಲ್ಲೇ ವ್ಯವಹರಿಸಿದವರು. ಈಗ ಮರೆವಿನ ರೋಗ. ಕಲಿತದ್ದು ಒಂದೊಂದಾಗಿ ಉದುರಿ, ಕೊನೆಗೆ ಜರ್ಮನ್ನೂ ಉದುರಿಹೋಗಿತ್ತು. ಉಳಿದದ್ದು ತೊಟ್ಟಿಲಿನ ಮಾತೊಂದೇ. ಆಶ್ರಮದಲ್ಲಿ ಅದನ್ನು ಬಲ್ಲವರು ಯಾರೂ ಇರಲಿಲ್ಲ.

ತೊಂದರೆ ಶುರುವಾಗಿದ್ದು ಚಳಿಗಾಲದ ನಡುವೆ. ಅಜ್ಜಿ ನೀರು ಕುಡಿಯುವುದನ್ನು ನಿಲ್ಲಿಸಿದರು. ಊಟವನ್ನು ಒಂದಿಷ್ಟು ತಿನ್ನುವರು, ಬೇಯಿಸಿದ ಆಲೂಗಡ್ಡೆಗೆ ಅಗಸೆ ಎಣ್ಣೆ ಹಾಕಿಕೊಟ್ಟರೆ ಸಂತೋಷ. ನೀರಿನ ಲೋಟ ಕಂಡರೆ ಮಾತ್ರ ಮುಖ ತಿರುಗಿಸಿ ಏನೋ ಒಂದು ಪದ ಗೊಣಗುವರು. ಬಲವಂತ ಮಾಡಿದರೆ ಕೈಯಿಂದ ತಳ್ಳುವರು. ಸೂಪಿನಲ್ಲಿ, ಹಣ್ಣಿನ ರಸದಲ್ಲಿ ಎಷ್ಟು ಹೋಗುತ್ತದೋ ಅಷ್ಟೇ. ತುಟಿ ಒಡೆಯಿತು, ಎದ್ದರೆ ತಲೆ ಸುತ್ತು, ಹಗಲೆಲ್ಲ ಮಂಪರು. ಹೀಗೇ ಮುಂದುವರಿದರೆ ಪಟ್ಟಣದ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕು ಎಂದರು ಡಾಕ್ಟರು. ತಂಗಿಯ ಮಗಳು ಅತ್ತಳು. ಹುಟ್ಟಿದಾಗಿನಿಂದ ಕಾಲುವೆ ಕಾಣದ ಕಿಟಕಿಯ ಬಳಿ ಮಲಗಿದವರಲ್ಲ, ಅಲ್ಲಿಗೆ ಹೋದರೆ ವಾಪಸು ಬರುವುದಿಲ್ಲ ಎಂದಳು. ನಮ್ಮ ಹುಡುಗಿಗೆ ಅದೇ ಚಿಂತೆಯಾಯಿತು. "ಏನ್ ಮಾಡಲ್ರಿ ಮೇಡಂ? ನನ್ನ ಕೈಯಾಗ ನೀರ್ ಹಿಡಕೊಂಡು ನಿಂತೀನಿ, ಅವ್ವಗ ಕುಡಸಾಕ ಆಗವಲ್ದು" ಎಂದು ಫೋನಿನಲ್ಲಿ ಬಿಕ್ಕಿದಳು.

ನಾನು ಮೇಷ್ಟರ ಜಾತಿ, ಸುಮ್ಮನಿರುವೆನೇ? ಹೊಸ ಹೊಸ ವಾಕ್ಯ ಕಟ್ಟಿಕೊಟ್ಟೆ. ಹೀಗೆ ಹೇಳು, ಹಾಗೆ ಹೇಳು, ಇನ್ನೂ ಮೃದುವಾಗಿ ಹೇಳು, ಮೊದಲು ಹವಾಮಾನದ ಮಾತಾಡಿ ಆಮೇಲೆ ನೀರಿನ ವಿಷಯಕ್ಕೆ ಬಾ. ಅವಳು ಎಲ್ಲವನ್ನೂ ಬಾಯಿಪಾಠ ಮಾಡಿ ಒಪ್ಪಿಸಿದಳು. ನನ್ನ ವಾಕ್ಯಗಳು ಚೆಂದವಾದಷ್ಟೂ ಅಜ್ಜಿ ಕುಡಿಯುವುದು ಕಡಿಮೆಯಾಯಿತು. ತಂಗಿಯ ಮಗಳಿಗೆ ತಾಯಿಯಿಂದ ಬಂದ ಅಲ್ಪಸ್ವಲ್ಪ ವೆಂಡ್ ಮಾತು ಗೊತ್ತಿತ್ತು. ಅವಳಿಂದ 'ನೀರು', 'ಕುಡಿ' ಎಂಬ ಪದಗಳನ್ನು ನಮ್ಮ ಹುಡುಗಿ ಕಲಿತು ಹೇಳಿದಳು. ಅದಕ್ಕೂ ಅಜ್ಜಿ ಜಗ್ಗಲಿಲ್ಲ. ಇತ್ತ ಅತ್ತೆ ದಿನಾ ಬೆಳಗ್ಗೆ ಕಾಫಿಗೆ ಬಂದು ಕೂತ ಕೂಡಲೇ, "ಅಜ್ಜಿ ನೀರು ಕುಡುದ್ರಂತಾ?" ಎಂದು ಕೇಳುವರು. ಇಲ್ಲ ಅಂದರೆ ಕಾಫಿ ಲೋಟವನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿರುವರು. ಕಾಣದ ಹೆಂಗಸಿನ ಬಾಯಾರಿಕೆ ನಮ್ಮ ಮನೆಯೊಳಗೆ ಬಂದು ಕೂತಿತ್ತು.

ನಡುವೆ ಹುಡುಗಿಗೆ ಜ್ವರ ಬಂತು. ಜ್ವರ ಇಳಿದು ಕೆಲಸಕ್ಕೆ ಹೋದರೂ ಗಂಟಲು ಕಟ್ಟಿ ಸ್ವರವೇ ಹೊರಡುತ್ತಿರಲಿಲ್ಲ. ಆ ವಾರ ಮಾತಿನ ಬದಲು ಬರೀ ಮೆಸೇಜು. "ಕುಡದ್ರು ಮೇಡಂ!!" ಎಂದು ಒಂದು ದಿನ ಬಂತು. ಮರುದಿನವೂ ಕುಡಿದರು. ನಮಗೆ ಹಬ್ಬ. ಬಿಸಿಲು ಬಂದಿದೆ ಅದಕ್ಕೇ ಇರಬೇಕು ಎಂದಳು ಅವಳು. ಮಾತ್ರೆ ಬದಲಿಸಿದ್ದಾರೆ ಅದಕ್ಕೇ ಎಂದೆ ನಾನು. ತಾವು ಹೊತ್ತ ಹರಕೆಯ ಫಲ ಅಂದರು ಅತ್ತೆ. ಅವಳ ಗಂಟಲು ಸರಿಹೋಯಿತು. ಮರುದಿನದಿಂದ ಅಜ್ಜಿ ಮತ್ತೆ ಮುಖ ತಿರುಗಿಸಿದರು. ಮೂವರು ಹೆಂಗಸರು, ಒಬ್ಬರಿಗೂ ಹೊಳೆಯಲಿಲ್ಲ.

ಈಸ್ಟರ್ ಹಬ್ಬ ಹತ್ತಿರ ಬಂತು. ಹಬ್ಬದ ರಜೆ ಮುಗಿದ ಕೂಡಲೇ ಆಸ್ಪತ್ರೆಗೆ ಎಂದು ನಿಶ್ಚಯವಾಯಿತು. ಕೊನೆಯ ನಾಲ್ಕು ದಿನ ಜೊತೆಗಿರೋಣ ಎಂದು ತಂಗಿಯ ಮಗಳು ಅಲ್ಲೇ ಬಂದು ಉಳಿದಳು. ಅವಳು ಅಜ್ಜಿಯ ಬೆಳಗನ್ನು ನೋಡಿದ್ದು ಅದೇ ಮೊದಲು. ನಮ್ಮ ಹುಡುಗಿ ಎಂದಿನಂತೆ ಲೋಟ ಹಿಡಿದು, ನಮಸ್ಕಾರ, ಚೆನ್ನಾಗಿ ನಿದ್ದೆ ಬಂತೇ ಎಂದು ಶುರುಮಾಡಿದಳು. ಅಜ್ಜಿ ಮುಖ ತಿರುಗಿಸಿ ಅದೇ ಪದ ಗೊಣಗಿದರು. ಕಿಟಕಿಯ ಬಳಿ ನಿಂತಿದ್ದ ತಂಗಿಯ ಮಗಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ ಎಂದಳು ಹುಡುಗಿ.

ಆಮೇಲೆ ಅವಳೇ ಬಿಡಿಸಿ ಹೇಳಿದಳಂತೆ: ಅಜ್ಜಿ ಗೊಣಗುತ್ತಿದ್ದದ್ದು 'ಹರಟೆ ನೀರು' ಎಂದು. ಆ ಊರಲ್ಲಿ ಈಸ್ಟರ್ ದಿನ ಸೂರ್ಯ ಹುಟ್ಟುವ ಮುಂಚೆ ಹೆಣ್ಣುಮಕ್ಕಳು ಹರಿಯುವ ಕಾಲುವೆಯಿಂದ ನೀರು ತರಬೇಕು. ಆ ನೀರಿನಲ್ಲಿ ಮುಖ ತೊಳೆದರೆ, ಅದನ್ನು ಗುಟುಕರಿಸಿದರೆ ವರ್ಷವೆಲ್ಲ ಆರೋಗ್ಯ. ಹೋಗುವಾಗಲೂ ಬರುವಾಗಲೂ ತುಟಿ ಪಿಟಕ್ಕೆನ್ನಬಾರದು. ಒಂದು ಮಾತಾಡಿದರೂ ನೀರಿನ ಸತ್ವ ಹೋಗಿ ಅದು ಹರಟೆ ನೀರಾಯಿತು, ಚೆಲ್ಲಬೇಕು. ಹಿಂದಕ್ಕೆ ಹಿಂದಕ್ಕೆ ನಡೆದು ಹುಡುಗಿಯ ವಯಸ್ಸಿಗೆ ಹೋಗಿ ಕೂತಿದ್ದ ಅಜ್ಜಿಗೆ ಪ್ರತಿ ಬೆಳಗೂ ಈಸ್ಟರ್ ಬೆಳಗೇ ಆಗಿತ್ತು. ಯಾರೋ ಒಬ್ಬಳು ದಿನವೂ ನೀರು ತರುತ್ತಾಳೆ, ತರುವಾಗ ವಟವಟ ಅನ್ನುತ್ತಾಳೆ. ಅಂಥ ನೀರನ್ನು ಯಾರು ಕುಡಿಯುತ್ತಾರೆ?

ಶನಿವಾರ ಇದನ್ನೆಲ್ಲ ಕೇಳಿ ನಾನು ದಂಗಾಗಿ ಸೋಫಾದ ಮೇಲೆ ಕೂತುಬಿಟ್ಟೆ. ಮನುಷ್ಯರ ತಲೆಯೊಳಗೆ ಎಷ್ಟು ಆಳದಲ್ಲಿ ಏನೆಲ್ಲ ಇರುತ್ತದೆ! ಗಂಡ ಸತ್ತದ್ದು ಮರೆತಿದೆ, ಮನೆಯ ದಾರಿ ಮರೆತಿದೆ, ಬದುಕಿಡೀ ಆಡಿದ ಜರ್ಮನ್ ಮರೆತಿದೆ. ಬಾಯಾರಿ ಒಣಗಿದರೂ ಮಾತು ಬಿದ್ದ ನೀರನ್ನು ಮುಟ್ಟಬಾರದೆಂಬುದು ಮರೆತಿಲ್ಲ. ನಾನು ಮಾತು ಮಾತು ಎಂದು ಅರೆದು ಕುಡಿಸಿದ್ದನ್ನೆಲ್ಲ ಆ ಪುಟ್ಟ ಮುದುಕಿ ಕೈಯಿಂದ ತಳ್ಳುತ್ತಾ ಬಂದಿದ್ದರು. ಅತ್ತೆ ಬಿಡುತ್ತಾರೆಯೇ? "ಹಂಗಾದ್ರೆ ನಿನ್ ಪಾಠನೇ ಅವ್ರ ಗಂಟಲಿಗೆ ಅಡ್ಡ ನಿಂತಿತ್ತು ಅನ್ನು" ಎಂದರು. ಸಿಟ್ಟೂ ಬಂತು, ನಗುವೂ ಬಂತು.

"ನಾಳೆ ನಾನ ಹೋಗಿ ತರ್ತೀನ್ರಿ ಮೇಡಂ, ಕಾಲುವಿ ನೀರು" ಎಂದಳು ಹುಡುಗಿ. ಆಶ್ರಮದ ಹಿಂದೆಯೇ ಕಾಲುವೆಯಿದೆ. ತಂಗಿಯ ಮಗಳಿಗೆ ಮಂಡಿ ನೋವು, ಇಳಿಜಾರು ಇಳಿಯಲಾರಳು. "ಕತ್ತಲಾಗ ಒಬ್ಬಾಕಿ ಹೋಗಾಕ ಅಂಜಿಕಿ ಬರತೈತಿ. ವಿಡಿಯೋ ಹಚ್ಚಿ ಕ್ಯಾಮೆರಾ ಹೊರಗ ಕಾಣೂಹಂಗ ಎದಿ ಕಿಸೆದಾಗ ಇಟ್ಕೋತೀನಿ, ನೀವು ನೋಡ್ಕೋತ ಇರ್ರಿ. ಆದ್ರ ಮಾತಾಡಬ್ಯಾಡ್ರಿ." ಕಾಲುವೆ ನೀರನ್ನು ಕುಡಿಸುವುದು ಹೇಗೆ ಎಂದು ನಾನು ಕೇಳುವ ಮುಂಚೆಯೇ ಹೇಳಿದಳು: ಅದು ಮುಖಕ್ಕೆ ಮಾತ್ರ, ಕುಡಿಯಲು ಕಾಯಿಸಿ ಆರಿಸಿದ್ದು ಬೇರೆ, ಎರಡನ್ನೂ ಮಾತಿಲ್ಲದೆ ಒಯ್ಯುವುದು. ಎಷ್ಟೆಂದರೂ ನರ್ಸು.

ಅಲ್ಲಿ ಇನ್ನೂ ಬೆಳಕು ಹರಿಯದ ಹೊತ್ತು ನಮಗೆ ಭಾನುವಾರ ಬೆಳಗಿನ ಕ್ಲಾಸಿನ ಹೊತ್ತು. ಕೋಣೆ ತುಂಬಿತ್ತು. ಎಲ್ಲರಿಗೂ ವಿಷಯ ಹೇಳಿ ಫೋನನ್ನು ಮೇಜಿನ ಮೇಲೆ ಆನಿಸಿಟ್ಟು, ನಮ್ಮ ಕಡೆಯ ಮೈಕು ಬಂದ್ ಮಾಡಿದೆ. ಮಾಡಿದ್ದು ಒಳ್ಳೆಯದೇ ಆಯಿತು, ಕೆಳಗೆ ಟೊಮೇಟೊ ಈರುಳ್ಳಿ ಗಾಡಿಯವನ ಧ್ವನಿವರ್ಧಕ ಬೀದಿಯನ್ನೆಲ್ಲ ಎಬ್ಬಿಸುತ್ತಿತ್ತು. ಅತ್ತೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದು, "ಕುಡುದ್ರಾ?" ಎಂದರು. ಊಟ ತಲುಪಿಸುವ ಹುಡುಗ ತುಟಿಯ ಮೇಲೆ ಬೆರಳಿಟ್ಟು ಅವರಿಗೆ ಕುರ್ಚಿ ಬಿಟ್ಟುಕೊಟ್ಟ. ಮೈಕು ಬಂದಾಗಿದ್ದರೂ ಆಮೇಲೆ ಯಾರೂ ಮಾತಾಡಲಿಲ್ಲ.

ತೆರೆಯ ಮೇಲೆ ಮೊದಲು ಏನೂ ಕಾಣಲಿಲ್ಲ, ಹುಲ್ಲಿನ ಮೇಲೆ ಹೆಜ್ಜೆಯ ಸದ್ದು ಮಾತ್ರ. ಸ್ವಲ್ಪ ಹೊತ್ತಿಗೆ ಬೂದುಬಣ್ಣದ ಬೆಳಕು ಬಂತು. ನೇರ ನಿಂತ ಮರಗಳು, ಕಪ್ಪು ನೀರು, ನೀರಿನ ಮೇಲೆ ಹೊಗೆಯಂಥ ಮಂಜು. ಅದರಾಚೆ ಇನ್ನೊಂದು ಕಾಲುವೆ, ಅದರಾಚೆ ಮತ್ತೊಂದು. ದೂರದ ದಿಬ್ಬವೊಂದರ ಮೇಲೆ ಒಂಟಿ ದೀಪ. ಅವಳ ಕೈ ಚೌಕಟ್ಟಿನೊಳಗೆ ಬಂತು, ಮಣ್ಣಿನ ಹೂಜಿ ನೀರಿಗೆ ಇಳಿಯಿತು, ಹರಿವು ಹೋಗುವ ಕಡೆಗೆ ಬಾಯಿ ಮಾಡಿ ತುಂಬಿಕೊಂಡಳು. ಗುಳುಗುಳು ಸದ್ದು ನಮ್ಮ ಶೀಟಿನ ಕೋಣೆಯೊಳಗೆ ಕೇಳಿಸಿತು. ನನ್ನ ಕಣ್ಣು ತುಂಬಿತ್ತು. ಸಾವಿರ ವರ್ಷ ಎಷ್ಟು ಹೆಣ್ಣುಮಕ್ಕಳು ಆ ನೀರಿಗೆ ಬಾಗಿದ್ದರೋ, ಈಗ ಬಾಗಿದ್ದವಳು ಕಾಮಾಕ್ಷಿಪಾಳ್ಯದ ಪೀಜಿಯಿಂದ ನಡೆದು ಬರುತ್ತಿದ್ದವಳು. ಬಾಗಿಲ ಬಳಿ ಬಂದು ಅವಳು ಕ್ಯಾಮೆರಾ ಕಡೆ ಒಮ್ಮೆ ನೋಡಿ ಫೋನ್ ಆರಿಸಿದಳು. ರೋಗಿಗಳ ಕೋಣೆಯಲ್ಲಿ ಅದಕ್ಕೆ ಅಪ್ಪಣೆಯಿಲ್ಲ.

ಕಾದೆವು. ಪುಸ್ತಕ ಯಾರೂ ತೆಗೆಯಲಿಲ್ಲ. ಅತ್ತೆ ಸೆರಗಿನ ತುದಿ ಸುತ್ತುತ್ತಾ ಬಿಚ್ಚುತ್ತಾ ಕೂತರು. ಸುಮಾರು ಹೊತ್ತಾದ ಮೇಲೆ ಫೋನು ಹೊಡೆದುಕೊಂಡಿತು. ಸ್ಪೀಕರ್ ಹಾಕಿದೆ. ಅವಳು ಅಳುತ್ತಿದ್ದಳು.

"ಕುಡದ್ರು ರೀ ಮೇಡಂ. ಪೂರಾ ಕುಡದ್ರು."

ಕೋಣೆಯಲ್ಲಿ ಕೂಗೆದ್ದಿತು, ಯಾರೋ ಬೆಂಚು ಬಡಿದರು. ನಾನು ಎಲ್ಲರನ್ನೂ ಗದರಿಸಿ, ಸರಿಯಾಗಿ ಹೇಳು ಎಂದೆ. ಅವಳು ಒಳಗೆ ಹೋದಾಗ ಅಜ್ಜಿ ಎಚ್ಚರವಾಗಿದ್ದರು. ಕಾಲುವೆ ನೀರಿನಲ್ಲಿ ಬಟ್ಟೆ ಅದ್ದಿ ಮುಖ ಒರೆಸಿದಳು. ಅಜ್ಜಿ ಕಣ್ಣರಳಿಸಿ ಇವಳನ್ನೇ ನೋಡಿ, ತಮ್ಮ ಮಾತಿನಲ್ಲಿ ಏನೋ ಕೇಳಿದರು. ಇವಳು ಸುಮ್ಮನಿದ್ದಳು. ಅಜ್ಜಿ ತೋಳು ಹಿಡಿದು ಅಲ್ಲಾಡಿಸಿ ಮತ್ತೆ ಕೇಳಿದರು. ಇವಳು ತುಟಿ ಬಿಗಿಹಿಡಿದು ಲೋಟ ಮುಂದೆ ಹಿಡಿದಳು. ಆಗ ಅಜ್ಜಿ ನಕ್ಕರಂತೆ. ಎರಡೂ ಕೈಯಲ್ಲಿ ಲೋಟ ಹಿಡಿದು ಕೊನೆಯ ಹನಿಯವರೆಗೂ ಕುಡಿದರಂತೆ. ಬಾಗಿಲಲ್ಲಿ ನಿಂತಿದ್ದ ತಂಗಿಯ ಮಗಳು ಆಮೇಲೆ ಅರ್ಥ ಹೇಳಿದಳು. ಅಜ್ಜಿ ಕೇಳಿದ್ದು, "ನೀನು ಯಾವ ದಿಬ್ಬದ ಮನೆಯವಳು?" ಎಂದು. ನೀರು ಹೊತ್ತು ಬರುವ ಹುಡುಗಿಯರ ಬಾಯಿ ಬಿಡಿಸಲು ಪೋಕರಿ ಹುಡುಗರು ದಾರಿಯಲ್ಲಿ ಕಾದು ನಿಂತು ಹಾಗೆ ಕೇಳುತ್ತಿದ್ದರಂತೆ. ಅಜ್ಜಿ ಅವಳನ್ನು ಪರೀಕ್ಷೆ ಮಾಡಿದ್ದರು.

"ಕುಡದು ಲೋಟ ಕೊಟ್ಟು ಅವ್ರು ತಂಗಿ ಮಗಳಿಗೆ ಒಂದು ಮಾತು ಅಂದ್ರು ರೀ. ಇಕಿ ನಮ್ಮೂರಾಕಿನ, ಬ್ಯಾರೇದಾಕಿ ಆಗಿದ್ರ ಮಾತಾಡ್ತಿದ್ಲು ಅಂದ್ರಂತ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅದಕ್ಕೆ ನೀನು ಏನಂದೆ?" ಎಂದೆ.

"ಏನೂ ಅನ್ಲಿಲ್ರಿ ಮೇಡಂ. ಇನ್ನೊಂದು ಲೋಟ ನೀರ್ ಕೊಟ್ಟೆ."